ಪ್ಲೇಟ್‌ಲೆಟ್ಟಿನ ಚೀಲವನ್ನು ತೂಗಿಹಾಕುವ ಮುನ್ನ

ಡೆಂಗೀ ಜ್ವರವು ಮಳೆಗಾಲದೊಡನೆ ನಮ್ಮ ಊರುಕೇರಿಗಳಿಗೆ ತಪ್ಪದೆ ಬರತೊಡಗಿದಂದಿನಿಂದ ಪ್ಲೇಟ್‌ಲೆಟ್ ಎಂಬ ರಕ್ತಕಣಿಕೆಯ ಹೆಸರು ಕೇಳದ ಮನೆ ಕರ್ನಾಟಕದಲ್ಲಿ ಇಲ್ಲವೆಂದೇ ಹೇಳಬಹುದು. ಆಸ್ಪತ್ರೆಯ ಪಡಸಾಲೆಯಲ್ಲಿ ಕುಳಿತ ಬಂಧುಗಳು "ಇವತ್ತು ಕೌಂಟ್ ಎಷ್ಟು ಬಂತು?" ಎಂದು ಒಬ್ಬರನ್ನೊಬ್ಬರು ಕೇಳುವುದೂ, ಸಂಖ್ಯೆ ಇಳಿದಿದ್ದರೆ ರಕ್ತನಿಧಿಗೆ ಧಾವಿಸುವುದೂ, ತಿಳಿಹಳದಿಯ ದ್ರವ ತುಂಬಿದ ಚೀಲ ಮಂಚದ ಪಕ್ಕದಲ್ಲಿ ತೂಗಿದೊಡನೆ ಗಂಡಾಂತರ ಕಳೆಯಿತೆಂದು ಸಮಾಧಾನಪಡುವುದೂ ನಾವೆಲ್ಲರೂ ಕಂಡಿರುವ ಸಂಗತಿಗಳೇ ಆಗಿವೆ. ಈ ಪರಿಚಯದ ಫಲವಾಗಿ ಜನರ ಮನಸ್ಸಿನಲ್ಲಿ ಎರಡು ನಂಬಿಕೆಗಳು ಬೇರೂರಿವೆ: ಎಣಿಕೆ ಸರಿಯಾಗಿದ್ದರೆ ರಕ್ತವೂ ಸರಿಯಾಗಿರುತ್ತದೆಂಬುದು ಒಂದು, ಪ್ಲೇಟ್‌ಲೆಟ್ ಕೊಟ್ಟರೆ ಒಳಿತಾಗದಿದ್ದರೂ ಕೆಡುಕಂತೂ ಆಗದೆಂಬುದು ಇನ್ನೊಂದು. ಇವೆರಡೂ ಅನ್ವಯಿಸದ ಒಂದು ರೋಗವುಂಟು. ಅದು ವಿರಳವಾದುದಾದರೂ, ಹತ್ತಿರದ ಸಂಬಂಧಗಳಲ್ಲಿ ಮದುವೆ ಮಾಡುವ ವಾಡಿಕೆಯುಳ್ಳ ನಮ್ಮ ದಕ್ಷಿಣದೇಶದಲ್ಲಿ ಬೇರೆ ಕಡೆಗಳಿಗಿಂತ ಹೆಚ್ಚಾಗಿ ಕಾಣಿಸಿಕೊಳ್ಳುವಂಥದು. ಅಂಥ ಮಗುವಿರುವ ಮನೆಯವರಿಗೂ, ಆ ಮಗುವಿಗೆ ಪಾಠ ಹೇಳುವ ಉಪಾಧ್ಯಾಯರಿಗೂ, ಹಲ್ಲು ಕೀಳುವ ವೈದ್ಯರಿಗೂ, ಮುಂದೆ ಹೆಣ್ಣು ಕೊಡುವ ಅಥವಾ ತರುವ ಬಂಧುಗಳಿಗೂ ತಿಳಿದಿರಬೇಕಾದ ಕೆಲವು ವಿಷಯಗಳನ್ನು ಇಲ್ಲಿ ನಿರೂಪಿಸಲಾಗಿದೆ.

ಸ್ವಿಟ್ಜರ್ಲೆಂಡಿನ ಮಕ್ಕಳ ವೈದ್ಯ ಎಡ್ವರ್ಡ್ ಗ್ಲಾನ್ಸ್‌ಮನ್ 1918ರಲ್ಲಿ ಈ ರೋಗವನ್ನು ಮೊದಲು ವರ್ಣಿಸಿದನು. ಆದಕಾರಣ ಇದಕ್ಕೆ ಗ್ಲಾನ್ಸ್‌ಮನ್ ಥ್ರಾಂಬಸ್ಥೇನಿಯ ಎಂದು ಹೆಸರಾಯಿತು. ರಕ್ತನಾಳಕ್ಕೆ ಗಾಯವಾದಾಗ ಅಲ್ಲಿಗೆ ಮೊದಲು ಧಾವಿಸುವ ಕಣಗಳು ಪ್ಲೇಟ್‌ಲೆಟ್‌ಗಳು. ಅವು ನಾಳದ ಗೋಡೆಗೆ ಅಂಟುತ್ತವೆ. ಅನಂತರ ತಮ್ಮ ಮೈಮೇಲಿರುವ ಒಂದು ಪ್ರೋಟೀನಿನ ಮೂಲಕ ಫೈಬ್ರಿನೋಜನ್ ಎಂಬ ರಕ್ತದ್ರವ್ಯವನ್ನು ಹಿಡಿದು, ಅದರ ನೆರವಿನಿಂದ ಒಂದಕ್ಕೊಂದು ಬೆಸೆದುಕೊಂಡು ಗಾಯದ ಬಾಯನ್ನು ಮುಚ್ಚುತ್ತವೆ. ಆಲ್ಫ-ಟೂಬಿ-ಬೀಟ-ತ್ರೀ ಎಂದು ವಿಜ್ಞಾನಿಗಳು ಕರೆಯುವ ಆ ಪ್ರೋಟೀನು ಆರೋಗ್ಯವಂತನ ಒಂದೊಂದು ಪ್ಲೇಟ್‌ಲೆಟ್ಟಿನ ಮೇಲೂ ಸುಮಾರು 80,000ದಷ್ಟು ಸಂಖ್ಯೆಯಲ್ಲಿರುತ್ತದೆ. ಗ್ಲಾನ್ಸ್‌ಮನ್ ರೋಗದಲ್ಲಿ ಹುಟ್ಟಿನಿಂದಲೇ ಇದು ಇರುವುದಿಲ್ಲ, ಇಲ್ಲವೆ ಅತ್ಯಲ್ಪವಾಗಿರುತ್ತದೆ, ಇಲ್ಲವೆ ಇದ್ದೂ ಕೆಲಸಕ್ಕೆ ಬಾರದಂತಿರುತ್ತದೆ. ಆಗ ಪ್ಲೇಟ್‌ಲೆಟ್‌ಗಳು ಗಾರೆಯಿಲ್ಲದೆ ಪೇರಿಸಿದ ಕಲ್ಲುಗಳಂತೆ ಇದ್ದಲ್ಲಿಯೇ ಸಡಿಲವಾಗಿ ಉಳಿದು, ರಕ್ತ ಅವುಗಳ ನಡುವಿನಿಂದ ಹರಿದುಹೋಗುತ್ತದೆ.

ಎಣಿಕೆಯಾದರೋ ಸಹಜವಾಗಿಯೇ ಇರುತ್ತದೆ. ಒಂದು ಮೈಕ್ರೋಲೀಟರ್ ರಕ್ತದಲ್ಲಿ 1,50,000ದಿಂದ 4,50,000ದವರೆಗೆ ಇರಬೇಕಾದ ಪ್ಲೇಟ್‌ಲೆಟ್‌ಗಳು ಇಲ್ಲಿಯೂ ಅಷ್ಟೇ ಇರುವುದರಿಂದ, ಸಾಧಾರಣ ರಕ್ತಪರೀಕ್ಷೆಯ ಚೀಟಿಯನ್ನು ನೋಡಿ "ಎಲ್ಲ ಸರಿಯಾಗಿದೆ" ಎಂದು ಮನೆಗೆ ಕಳುಹಿಸಲ್ಪಟ್ಟ ಮಕ್ಕಳು ಅನೇಕರು. ರಕ್ತ ಹೆಪ್ಪುಗಟ್ಟುವ ಕಾಲವನ್ನಳೆಯುವ ಇತರ ಸಾಮಾನ್ಯ ಪರೀಕ್ಷೆಗಳಲ್ಲಿಯೂ ದೋಷ ಕಾಣಿಸದು. ಆದರೆ ಲಕ್ಷಣಗಳು ಮಾತ್ರ ಸ್ಪಷ್ಟ: ಎಳೆಯ ವಯಸ್ಸಿನಿಂದಲೇ ಕಾರಣವಿಲ್ಲದೆ ಮೈಮೇಲೆ ಮೂಡುವ ನೀಲಿಗಟ್ಟುಗಳು, ಗಂಟೆಗಟ್ಟಲೆ ನಿಲ್ಲದ ಮೂಗಿನ ರಕ್ತ, ಹಾಲುಹಲ್ಲು ಬಿದ್ದಾಗ ಬಾಯಿತುಂಬ ರಕ್ತ, ವಸಡಿನಿಂದ ಸದಾ ಒಸರುವಿಕೆ, ಹೆಣ್ಣುಮಕ್ಕಳಾದರೆ ಮೊದಲ ಮುಟ್ಟಿನಲ್ಲಿಯೇ ಪ್ರಾಣಕ್ಕೆ ಅಪಾಯ ತರುವಷ್ಟು ಸ್ರಾವ. ಹಿಮೋಫಿಲಿಯದಂತೆ ಗಂಡುಮಕ್ಕಳನ್ನೇ ಆರಿಸಿ ಕಾಡುವ ರೋಗ ಇದಲ್ಲ. ಗಂಡಿಗೂ ಹೆಣ್ಣಿಗೂ ಸಮನಾಗಿ ಬರುತ್ತದೆ. ಕೀಲುಗಳೊಳಗೆ ರಕ್ತ ತುಂಬುವುದೂ ಇದರಲ್ಲಿ ಅಪರೂಪ. ಇಂಥ ಲಕ್ಷಣಗಳಿದ್ದು ಎಣಿಕೆ ಸರಿಯಾಗಿದ್ದರೆ, ಪ್ಲೇಟ್‌ಲೆಟ್‌ಗಳು ಒಂದಕ್ಕೊಂದು ಕೂಡಿಕೊಳ್ಳುವವೇ ಎಂಬುದನ್ನು ನೋಡುವ ಅಗ್ರಿಗೇಶನ್ ಪರೀಕ್ಷೆಯನ್ನೂ, ಮೇಲೆ ಹೇಳಿದ ಪ್ರೋಟೀನು ಅವುಗಳ ಮೇಲಿದೆಯೇ ಎಂಬುದನ್ನು ತೋರಿಸುವ ಫ್ಲೋ ಸೈಟೋಮೆಟ್ರಿ ಪರೀಕ್ಷೆಯನ್ನೂ ಕೇಳಿ ಮಾಡಿಸಬೇಕು. ಸಣ್ಣ ಊರಿನಲ್ಲಿ ಇವು ದೊರೆಯವು. ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಿನ ರಕ್ತರೋಗ ವಿಭಾಗ, ಮುಂಬಯಿಯ ರಾಷ್ಟ್ರೀಯ ಇಮ್ಯುನೊಹೆಮಟಾಲಜಿ ಸಂಸ್ಥೆ, ಬೆಂಗಳೂರಿನ ದೊಡ್ಡ ಆಸ್ಪತ್ರೆಗಳ ರಕ್ತರೋಗ ವಿಭಾಗಗಳು ಇವುಗಳಲ್ಲಿ ಯಾವುದಾದರೊಂದಕ್ಕೆ ಒಮ್ಮೆ ಹೋಗಿಬರುವ ಶ್ರಮ ಸಾರ್ಥಕವಾದುದು. ಏಕೆಂದರೆ ರೋಗದ ಹೆಸರು ತಿಳಿಯದೆ ಕೊಡುವ ಚಿಕಿತ್ಸೆಯಲ್ಲಿಯೇ ಮುಂದೆ ಹೇಳುವ ಅಪಾಯ ಅಡಗಿದೆ.

ದೇಹದ ರೋಗನಿರೋಧಕ ವ್ಯವಸ್ಥೆಯು ಬೆಳವಣಿಗೆಯ ಮೊದಲ ದಿನಗಳಿಂದಲೇ ತನ್ನದಾವುದು, ಪರಕೀಯವಾವುದು ಎಂಬುದನ್ನು ಕಲಿತುಕೊಳ್ಳುತ್ತದೆ. ತನ್ನಲ್ಲಿರುವ ಪ್ರೋಟೀನುಗಳನ್ನು ಅದು ಕಂಡು ಸುಮ್ಮನಿರುತ್ತದೆ. ಎಂದೂ ಕಾಣದುದು ಒಳಗೆ ಬಂದಾಗ ಅದನ್ನು ಶತ್ರುವೆಂದೆಣಿಸಿ, ಅದಕ್ಕೆಂದೇ ರೂಪಿಸಿದ ಪ್ರತಿಕಾಯಗಳನ್ನು ಬಿಟ್ಟು ನಾಶಮಾಡುತ್ತದೆ. ಗ್ಲಾನ್ಸ್‌ಮನ್ ರೋಗಿಯ ದೇಹವು ಆ ಒಂದು ಪ್ರೋಟೀನನ್ನು ಹುಟ್ಟಿದಂದಿನಿಂದ ಕಂಡೇ ಇರುವುದಿಲ್ಲ. ರಕ್ತಸ್ರಾವವನ್ನು ನಿಲ್ಲಿಸಲೆಂದು ದಾನಿಯ ಪ್ಲೇಟ್‌ಲೆಟ್‌ಗಳನ್ನು ಕೊಟ್ಟಾಗ, ಯಾವ ಪ್ರೋಟೀನಿಗಾಗಿ ಅವನ್ನು ಕೊಡಲಾಯಿತೋ ಆ ಪ್ರೋಟೀನೇ ಅದರ ಕಣ್ಣಿಗೆ ಪರಕೀಯವಾಗಿ ತೋರುತ್ತದೆ. ಮೊದಲ ಸಲ ಕೊಟ್ಟ ಪ್ಲೇಟ್‌ಲೆಟ್ ಕೆಲಸ ಮಾಡಬಹುದು, ಎರಡನೆಯದೂ ಮಾಡಬಹುದು. ಅಷ್ಟರಲ್ಲಿ ಪ್ರತಿಕಾಯ ಹುಟ್ಟಿಕೊಂಡಿತೆಂದರೆ ಆಮೇಲೆ ಕೊಟ್ಟವುಗಳು ಕೆಲವೇ ನಿಮಿಷಗಳಲ್ಲಿ ನಾಶವಾಗುತ್ತವೆ, ಇಲ್ಲವೆ ಉಳಿದರೂ ಪ್ರತಿಕಾಯವು ಪ್ರೋಟೀನಿನ ಮೇಲೆಯೇ ಕುಳಿತು ಫೈಬ್ರಿನೋಜನ್ನನ್ನು ಹಿಡಿಯಗೊಡದೆ ಅವನ್ನು ನಿಷ್ಪ್ರಯೋಜಕವಾಗಿಸುತ್ತದೆ. ಎಲ್ಲ ರೋಗಿಗಳಲ್ಲಿಯೂ ಹೀಗಾಗುವುದಿಲ್ಲ. ಪ್ರೋಟೀನು ಲವಲೇಶವೂ ಇಲ್ಲದವರಲ್ಲಿ ಈ ಭಯ ಹೆಚ್ಚು. ಸ್ವಲ್ಪವಾದರೂ ಇರುವವರಲ್ಲಿ ದೇಹಕ್ಕೆ ಅದರ ಪರಿಚಯವಿರುವ ಕಾರಣ ಕಡಿಮೆ. ಈ ಕಾರಣದಿಂದಲೇ ವಂಶವಾಹಿಯ ಪರೀಕ್ಷೆ ಮಾಡಿಸಿ ಯಾವ ಬಗೆಯ ದೋಷವೆಂದು ಮೊದಲೇ ತಿಳಿದಿಟ್ಟುಕೊಳ್ಳುವುದು ಪ್ರಯೋಜನಕರ.

ಇಲ್ಲಿ ಒಂದು ಭೇದವನ್ನು ಓದುಗರು ಚೆನ್ನಾಗಿ ಗ್ರಹಿಸಬೇಕು, ಏಕೆಂದರೆ ಆಸ್ಪತ್ರೆಯಲ್ಲಿ ನಡೆಯುವ ಅರ್ಧ ಗೊಂದಲ ಇದನ್ನು ತಿಳಿಯದುದರಿಂದಲೇ ಹುಟ್ಟುತ್ತದೆ. ಈ ರೋಗಿಗಳಲ್ಲಿ ಪ್ಲೇಟ್‌ಲೆಟ್ ಫಲಿಸದಿರುವುದಕ್ಕೆ ಕಾರಣವಾಗುವ ಪ್ರತಿಕಾಯಗಳು ಮುಖ್ಯವಾಗಿ ಎರಡು ಜಾತಿಯವು. ಎಚ್‌ಎಲ್‌ಎ ಎಂಬ ಗುರುತುಗಳ ಮೇಲೆ ಹುಟ್ಟುವಂಥವು ಒಂದು ಜಾತಿ. ಈ ಗುರುತುಗಳು ವ್ಯಕ್ತಿಯಿಂದ ವ್ಯಕ್ತಿಗೆ ಬೇರೆಯಾಗಿರುತ್ತವೆ, ಚೀಲದೊಳಗೆ ಬೆರೆತುಬರುವ ದಾನಿಯ ಬಿಳಿರಕ್ತಕಣಗಳೇ ಇವುಗಳ ವಿರುದ್ಧ ದೇಹವನ್ನು ಕೆರಳಿಸುವುದರಲ್ಲಿ ಮುಖ್ಯ. ಪದೇ ಪದೇ ರಕ್ತ ಪಡೆದ ಯಾವ ರೋಗಿಯಲ್ಲಿಯಾದರೂ ಇವು ಕಾಣಿಸಿಕೊಳ್ಳಬಹುದು. ಗುರುತು ಹೊಂದುವ ದಾನಿಯನ್ನು ಹುಡುಕಿ ತಂದರೆ ಈ ತೊಡಕನ್ನು ದಾಟಬಹುದು. ಎರಡನೆಯ ಜಾತಿಯವು ಗ್ಲಾನ್ಸ್‌ಮನ್ ಪ್ರೋಟೀನಿನ ಮೇಲೆಯೇ ಹುಟ್ಟುವಂಥವು. ಆ ಪ್ರೋಟೀನು ಲೋಕದ ಆರೋಗ್ಯವಂತ ಮನುಷ್ಯರೆಲ್ಲರಲ್ಲಿಯೂ ಇರುವುದರಿಂದ, ಇವುಗಳಿಗೆ ಎಷ್ಟು ದಾನಿಗಳನ್ನು ಬದಲಿಸಿದರೂ ಪರಿಹಾರವಿಲ್ಲ. ಪ್ರೋಟೀನಿಲ್ಲದ ಪ್ಲೇಟ್‌ಲೆಟ್ ಪ್ರತಿಕಾಯದಿಂದ ತಪ್ಪಿಸಿಕೊಂಡೀತಾದರೂ ರಕ್ತವನ್ನು ನಿಲ್ಲಿಸಲಾರದು. ಚೀಲದ ಮೇಲೆ ಚೀಲ ತರಿಸಿದರೂ ರಕ್ತ ನಿಲ್ಲದಿದ್ದಾಗ ಮನೆಯವರು ರಕ್ತನಿಧಿಯನ್ನು ದೂರುವುದೂ, ಮತ್ತಷ್ಟು ದಾನಿಗಳನ್ನು ಗುಡ್ಡೆಹಾಕುವುದೂ ಸಹಜ. ಅಂಥ ಸಮಯದಲ್ಲಿ ವೈದ್ಯರನ್ನು ಕೇಳಬೇಕಾದ ಪ್ರಶ್ನೆ, "ಪ್ರತಿಕಾಯ ಇದೆಯೇ, ಇದ್ದರೆ ಎರಡರಲ್ಲಿ ಯಾವುದು?" ಎಂಬುದು.

ಪ್ಯಾರಿಸ್ಸಿನಲ್ಲಿ ಆಲನ್ ನರ್ಡನ್ ಮತ್ತು ಜಾಕ್ ಕಾಯೆನ್ 1974ರಲ್ಲಿ ಈ ರೋಗಿಗಳ ಪ್ಲೇಟ್‌ಲೆಟ್‌ಗಳ ಮೇಲ್ಮೈಯಲ್ಲಿ ಪ್ರೋಟೀನಿನ ಲೋಪವಿರುವುದನ್ನು ತೋರಿಸಿಕೊಟ್ಟರು. ಮರುವರ್ಷವೇ ಅದೇ ದೇಶದಲ್ಲಿ, ಅನೇಕ ಸಲ ರಕ್ತ ಪಡೆದಿದ್ದ ಒಬ್ಬ ರೋಗಿಯಲ್ಲಿ ಹುಟ್ಟಿದ್ದ ಪ್ರತಿಕಾಯವು ಆರೋಗ್ಯವಂತರ ಪ್ಲೇಟ್‌ಲೆಟ್‌ಗಳನ್ನು ಹಿಡಿಯುತ್ತದೆಂದೂ ಗ್ಲಾನ್ಸ್‌ಮನ್ ರೋಗಿಗಳ ಪ್ಲೇಟ್‌ಲೆಟ್‌ಗಳನ್ನು ಹಿಡಿಯುವುದಿಲ್ಲವೆಂದೂ ಪ್ರಕಟವಾಯಿತು. ಆ ವ್ಯಕ್ತಿಗೆ ಸಂಕಟ ತಂದ ಪ್ರತಿಕಾಯವೇ ವಿಜ್ಞಾನಕ್ಕೆ ಆ ಪ್ರೋಟೀನನ್ನು ಗುರುತಿಸುವ ಸಾಧನವಾಯಿತು. ಇದೇ ಪ್ರೋಟೀನನ್ನು ತಾತ್ಕಾಲಿಕವಾಗಿ ತಡೆಹಿಡಿದು ಹೃದಯದ ರಕ್ತನಾಳಗಳಲ್ಲಿ ಹೆಪ್ಪುಗಟ್ಟದಂತೆ ಮಾಡುವ ಆಬ್ಸಿಕ್ಸಿಮ್ಯಾಬ್ ಎಂಬ ಔಷಧ 1994ರಲ್ಲಿ ಅಮೆರಿಕದಲ್ಲಿ ಬಳಕೆಗೆ ಬಂದಿತು. ಹೃದ್ರೋಗಿಗಳ ಉಪಯೋಗಕ್ಕೆ ಬಂದ ಈ ಜ್ಞಾನದಲ್ಲಿ ಗ್ಲಾನ್ಸ್‌ಮನ್ ರೋಗಿಗಳ ರಕ್ತದ ಋಣ ಬಹಳವಿದೆ. ಅವರಿಗಾಗಿ ಸಮಾಜ ಮಾಡಿರುವುದು ಆ ಪ್ರಮಾಣದಲ್ಲಿಲ್ಲವೆಂಬುದನ್ನೂ ಹೇಳದೆ ಇರಲಾಗದು. ನಮ್ಮ ದೇಶದ 2016ರ ಅಂಗವಿಕಲರ ಹಕ್ಕುಗಳ ಕಾಯಿದೆಯು ರಕ್ತರೋಗಗಳ ಸಾಲಿನಲ್ಲಿ ಹಿಮೋಫಿಲಿಯ, ಥಲಸ್ಸೀಮಿಯ, ಸಿಕಲ್ ಸೆಲ್ ಎಂಬ ಮೂರನ್ನು ಹೆಸರಿಸಿದೆ, ಗ್ಲಾನ್ಸ್‌ಮನ್ ರೋಗವನ್ನು ಹೆಸರಿಸಿಲ್ಲ.

ಇದರ ದಾಯಾದಿಗಳಾದ ಇನ್ನೂ ಕೆಲವು ಲೋಪಗಳುಂಟು. 1948ರಲ್ಲಿ ಫ್ರಾನ್ಸಿನ ಜಾನ್ ಬರ್ನಾರ್ ಮತ್ತು ಜಾನ್-ಪಿಯರ್ ಸೂಲಿಯೇ ವರ್ಣಿಸಿದ ರೋಗದಲ್ಲಿ ನಾಳದ ಗೋಡೆಗೆ ಅಂಟುವ ಪ್ರೋಟೀನು ಇರುವುದಿಲ್ಲ. ಪ್ಲೇಟ್‌ಲೆಟ್‌ಗಳು ದೈತ್ಯಾಕಾರವಾಗಿದ್ದು ಎಣಿಕೆಯೂ ಕಡಿಮೆಯಿರುತ್ತದೆ. ಪ್ರತಿಕಾಯದ ಭಯ ಅಲ್ಲಿಯೂ ಹೀಗೆಯೇ. ಸಿಡಿ-36 ಎಂಬ ಪ್ರೋಟೀನಿನ ಲೋಪ ಬೇರೊಂದು ಬಗೆಯದು. ಏಷ್ಯ ಮತ್ತು ಆಫ್ರಿಕ ಖಂಡಗಳ ಜನರಲ್ಲಿ ಇದು ವಿರಳವಲ್ಲ; ಇದ್ದವರಿಗೆ ರಕ್ತಸ್ರಾವದ ಬಾಧೆಯೂ ಇರುವುದಿಲ್ಲವಾದುದರಿಂದ ಅವರಿಗೆ ಅದರ ಅರಿವೇ ಇರದು. 1989ರಲ್ಲಿ ಜಪಾನಿನಲ್ಲಿ, ಎಚ್‌ಎಲ್‌ಎ ಹೊಂದಿಸಿ ಕೊಟ್ಟ ಪ್ಲೇಟ್‌ಲೆಟ್‌ಗಳೂ ಫಲಿಸದಿದ್ದ ರೋಗಿಯೊಬ್ಬರಲ್ಲಿ ಇದರ ವಿರುದ್ಧದ ಪ್ರತಿಕಾಯ ಬೆಳಕಿಗೆ ಬಂದಿತು. ಪ್ಲೇಟ್‌ಲೆಟ್‌ಗಳಲ್ಲಿಯೂ, ಮಾನೊಸೈಟ್ ಎಂಬ ಬಿಳಿಕಣಗಳಲ್ಲಿಯೂ ಈ ಪ್ರೋಟೀನು ಇಲ್ಲದವರು ಮಾತ್ರ ಪ್ರತಿಕಾಯ ತಳೆಯುವ ಸಂಭವವುಂಟು. ಇವರಿಗೆ ಒಂದು ಅನುಕೂಲವಿದೆ: ಸಿಡಿ-36 ಇಲ್ಲದ ದಾನಿಯ ಪ್ಲೇಟ್‌ಲೆಟ್ ರಕ್ತವನ್ನು ಚೆನ್ನಾಗಿಯೇ ನಿಲ್ಲಿಸುತ್ತದೆ. ಗರ್ಭಿಣಿಯಲ್ಲಿ ಈ ಪ್ರತಿಕಾಯ ಹುಟ್ಟಿದರೆ ಮಾತ್ರ ಗರ್ಭಸ್ಥ ಶಿಶುವಿಗೆ ತೀವ್ರವಾದ ರಕ್ತಹೀನತೆಯೂ ಮೈಯೆಲ್ಲ ನೀರುತುಂಬುವಿಕೆಯೂ ಬರಬಹುದು.

ಪ್ಲೇಟ್‌ಲೆಟ್ ಕೊಡುವಾಗ ನಡುಕ, ಜ್ವರ, ಮೈಮೇಲೆ ದದ್ದು, ಉಸಿರಾಟದ ತೊಂದರೆ, ಬೆನ್ನಿನಲ್ಲಿ ನೋವು ಇವು ಕಂಡುಬಂದರೆ ತಡಮಾಡದೆ ದಾದಿಯನ್ನು ಕರೆದು ಪೂರಣವನ್ನು ನಿಲ್ಲಿಸುವಂತೆ ಹೇಳಬೇಕು, ಚೀಲವನ್ನು ಎಸೆಯದೆ ಪರೀಕ್ಷೆಗಾಗಿ ಇಟ್ಟಿರಬೇಕು. ಆದರೆ ನಾವು ವಿಚಾರಿಸುತ್ತಿರುವ ಪ್ರತಿಕಾಯದ ಕೆಲಸ ಅನೇಕ ವೇಳೆ ಹೊರಗೆ ಯಾವ ಚಿಹ್ನೆಯನ್ನೂ ತೋರದೆ ನಡೆಯುತ್ತದೆ. ಇತರ ರೋಗಗಳಲ್ಲಿ ಪೂರಣ ಮುಗಿದ ಹತ್ತು ನಿಮಿಷದಿಂದ ಒಂದು ಗಂಟೆಯೊಳಗೆ ಎಣಿಕೆ ಮಾಡಿ, ಅದು ನಿರೀಕ್ಷಿಸಿದಷ್ಟು ಏರದಿದ್ದರೆ ಪ್ರತಿಕಾಯವನ್ನು ಶಂಕಿಸುತ್ತಾರೆ. ಗ್ಲಾನ್ಸ್‌ಮನ್ ರೋಗಿಯಲ್ಲಿ ಸ್ವಂತ ಪ್ಲೇಟ್‌ಲೆಟ್‌ಗಳೇ ಲಕ್ಷಗಟ್ಟಲೆ ಇರುವಾಗ ಈ ಲೆಕ್ಕ ಏನನ್ನೂ ತಿಳಿಸಲಾರದು. ದಾನಿಯ ಪ್ಲೇಟ್‌ಲೆಟ್‌ಗಳು ಉಳಿದಿವೆಯೇ ಎಂಬುದನ್ನು ಫ್ಲೋ ಸೈಟೋಮೆಟ್ರಿಯೇ ಹೇಳಬೇಕು, ಇಲ್ಲವೆ ರಕ್ತ ನಿಂತಿತೇ ಎಂಬುದೇ ಸಾಕ್ಷಿಯಾಗಬೇಕು. ಆದುದರಿಂದ ಮೊದಲ ಪೂರಣಕ್ಕೆ ಮುನ್ನವೂ, ಪ್ರತಿ ಪೂರಣವಾದ ಕೆಲವು ವಾರಗಳ ಮೇಲೂ, ಶಸ್ತ್ರಚಿಕಿತ್ಸೆಗೆ ಮುಂಚೆಯೂ ಪ್ರತಿಕಾಯದ ಪರೀಕ್ಷೆ ಮಾಡಿಸುವುದು ಉಚಿತ. ಒಮ್ಮೆ ಕಂಡ ಪ್ರತಿಕಾಯ ವರ್ಷಗಳು ಕಳೆದಂತೆ ಪರೀಕ್ಷೆಗೆ ಸಿಗದಷ್ಟು ಕ್ಷೀಣಿಸಬಹುದು. ಆದರೆ ದೇಹಕ್ಕೆ ಅದರ ನೆನಪು ಉಳಿದಿದ್ದು, ಮತ್ತೊಂದು ಚೀಲ ಕೊಟ್ಟ ಕೆಲವೇ ದಿನಗಳಲ್ಲಿ ಮತ್ತೆ ತಲೆಯೆತ್ತುತ್ತದೆ. ಹಳೆಯ ಚೀಟಿಗಳನ್ನು ಎಸೆಯಬಾರದೆನ್ನುವುದು ಇದಕ್ಕಾಗಿಯೇ.

ಇಷ್ಟನ್ನು ತಿಳಿದಮೇಲೆ ಕರ್ತವ್ಯವೇನೆಂಬುದು ತಾನಾಗಿಯೇ ಸ್ಪಷ್ಟವಾಗುತ್ತದೆ. ಪ್ಲೇಟ್‌ಲೆಟ್ಟು ಈ ರೋಗಿಗೆ ಆಪತ್ಕಾಲದ ಧನ. ಅದನ್ನು ಮೂಗಿನ ರಕ್ತಕ್ಕೂ ವಸಡಿನ ರಕ್ತಕ್ಕೂ ಖರ್ಚುಮಾಡಿದರೆ, ಮುಂದೆ ಶಸ್ತ್ರಚಿಕಿತ್ಸೆಯೋ ಹೆರಿಗೆಯೋ ತಲೆಗೆ ಬಿದ್ದ ಪೆಟ್ಟೋ ಎದುರಾದಾಗ ಅದು ನೆರವಿಗೆ ಬಾರದೆ ಹೋದೀತು. ಆದ್ದರಿಂದ ಇತರ ಉಪಾಯಗಳನ್ನು ಮೊದಲು ಪೂರ್ತಿಯಾಗಿ ಪ್ರಯೋಗಿಸಿಯೇ ಅದರ ಕಡೆಗೆ ಕೈಚಾಚಬೇಕು. ಮೂಗಿನಿಂದ ರಕ್ತ ಬಂದರೆ ಮಗುವನ್ನು ಮಲಗಿಸದೆ, ತಲೆಯನ್ನು ಹಿಂದಕ್ಕೆ ಬಾಗಿಸದೆ, ಕುಳ್ಳಿರಿಸಿ ಸ್ವಲ್ಪ ಮುಂದಕ್ಕೆ ಬಾಗಿಸಿ, ಮೂಗಿನ ಮೆತ್ತನೆಯ ಭಾಗವನ್ನು ಹತ್ತರಿಂದ ಹದಿನೈದು ನಿಮಿಷ, ನಡುವೆ ಬಿಟ್ಟು ನೋಡದೆ, ಒತ್ತಿಹಿಡಿಯಬೇಕು. ಟ್ರಾನೆಕ್ಸಾಮಿಕ್ ಆಮ್ಲವೆಂಬ ಔಷಧವು ಕಟ್ಟಿದ ಹೆಪ್ಪು ಬೇಗನೆ ಕರಗದಂತೆ ಕಾಯುತ್ತದೆ. ಮಾತ್ರೆಯಾಗಿಯೂ, ಬಾಯಿ ಮುಕ್ಕಳಿಸುವ ದ್ರವವಾಗಿಯೂ, ಅದರಲ್ಲಿ ಅದ್ದಿದ ಹತ್ತಿಬಟ್ಟೆಯನ್ನು ಗಾಯದ ಮೇಲೆ ಒತ್ತುವುದರಿಂದಲೂ ಉಪಯೋಗಕ್ಕೆ ಬರುವ ಇದು ಅಗ್ಗವಾದುದು, ಔಷಧದಂಗಡಿಗಳಲ್ಲಿ ದೊರೆಯುವಂಥದು. ಪ್ರಮಾಣವನ್ನು ಮಗುವಿನ ತೂಕಕ್ಕೆ ತಕ್ಕಂತೆ ವೈದ್ಯರಿಂದ ಮೊದಲೇ ಬರೆಯಿಸಿಕೊಂಡು ಮನೆಯಲ್ಲಿಟ್ಟಿರುವುದು ವಿವೇಕ. ಮೂತ್ರದಲ್ಲಿ ರಕ್ತ ಬರುತ್ತಿರುವಾಗ ಮಾತ್ರ ವೈದ್ಯರನ್ನು ಕೇಳದೆ ಇದನ್ನು ಕೊಡಕೂಡದು, ಮೂತ್ರನಾಳದಲ್ಲಿ ಹೆಪ್ಪು ಸಿಕ್ಕಿಕೊಂಡೀತು. ನೋವಿಗೂ ಜ್ವರಕ್ಕೂ ಆಸ್ಪಿರಿನ್, ಐಬುಪ್ರೊಫೆನ್, ಡೈಕ್ಲೊಫೆನಾಕ್ ಇವುಗಳನ್ನು ಸರ್ವಥಾ ವರ್ಜಿಸಿ ಪ್ಯಾರಸಿಟಮಾಲನ್ನೇ ಬಳಸತಕ್ಕದ್ದು. ಸ್ನಾಯುವಿನೊಳಕ್ಕೆ ಚುಚ್ಚುಮದ್ದು ಹಾಕಿಸಬಾರದು. ಲಸಿಕೆಗಳನ್ನು ಬಿಡಬಾರದಾದುದರಿಂದ, ಸಣ್ಣ ಸೂಜಿಯಿಂದ, ಸಾಧ್ಯವಿದ್ದಲ್ಲಿ ಚರ್ಮದ ಕೆಳಗೆ ಹಾಕಿಸಿ ಆಮೇಲೆ ಬಹಳ ಹೊತ್ತು ಒತ್ತಿಹಿಡಿಯಬೇಕು. ಹಲ್ಲುಗಳ ಆರೈಕೆಯನ್ನು ನಾನು ಎಲ್ಲಕ್ಕಿಂತ ಮಿಗಿಲಾಗಿ ಎಣಿಸುತ್ತೇನೆ. ಆರೋಗ್ಯವಾದ ವಸಡು ಒಸರುವುದಿಲ್ಲ, ಹುಳುಕಾಗದ ಹಲ್ಲನ್ನು ಕೀಳಬೇಕಾಗುವುದಿಲ್ಲ. ಆರು ತಿಂಗಳಿಗೊಮ್ಮೆ ದಂತವೈದ್ಯರಲ್ಲಿಗೆ ಹೋಗುವ ಮಗು ಎಷ್ಟೋ ಚೀಲಗಳಿಂದ ತಪ್ಪಿಸಿಕೊಳ್ಳುತ್ತದೆ. ದಿನದಿನವೂ ಸೋರಿಹೋಗುವ ರಕ್ತದೊಡನೆ ಕಬ್ಬಿಣದ ಅಂಶವೂ ಹೋಗುವುದರಿಂದ ಅದನ್ನು ತುಂಬಿಕೊಡುತ್ತಿರಬೇಕು.

ಇವುಗಳಿಂದ ನಿಲ್ಲದ ಸ್ರಾವಕ್ಕೆ ಫ್ಯಾಕ್ಟರ್ ಸೆವೆನ್-ಎ ಎಂಬ ಕೃತಕವಾಗಿ ತಯಾರಿಸಿದ ಔಷಧವಿದೆ. ಇದರಲ್ಲಿ ಪ್ಲೇಟ್‌ಲೆಟ್ ಇಲ್ಲದಿರುವುದರಿಂದ ಪ್ರತಿಕಾಯದ ಪ್ರಶ್ನೆಯೇ ಬಾರದು. ಪ್ರತಿಕಾಯವಿರುವ ಗ್ಲಾನ್ಸ್‌ಮನ್ ರೋಗಿಗಳಿಗೆ ಇದನ್ನು ಕೊಡಲು ಯೂರೋಪಿನಲ್ಲಿ 2004ರಲ್ಲಿಯೂ ಅಮೆರಿಕದಲ್ಲಿ 2014ರಲ್ಲಿಯೂ ಒಪ್ಪಿಗೆ ದೊರೆಯಿತು. ದೇಹದಲ್ಲಿ ಇದರ ಪ್ರಭಾವ ಕೆಲವೇ ಗಂಟೆಗಳಷ್ಟಾದುದರಿಂದ ರಕ್ತನಾಳದ ಮೂಲಕ ಸುಮಾರು ಎರಡೆರಡು ಗಂಟೆಗೊಮ್ಮೆ ಕೊಡಬೇಕಾಗುತ್ತದೆ. ಬೆಲೆಯೂ ಸಾಮಾನ್ಯ ಕುಟುಂಬದ ಶಕ್ತಿಗೆ ಮೀರಿದುದು. ಹಿಮೋಫಿಲಿಯದಲ್ಲಿಯೂ ಇದು ಉಪಯೋಗವಾಗುವುದರಿಂದ, ಆ ರೋಗದ ಚಿಕಿತ್ಸೆ ನಡೆಯುವ ಸರ್ಕಾರಿ ಆಸ್ಪತ್ರೆಗಳಲ್ಲಿ ದೊರೆಯುವ ಸಂಭವ ಹೆಚ್ಚು. ನಿಮ್ಮ ಜಿಲ್ಲೆಯಲ್ಲಿ ಅದು ಎಲ್ಲಿದೆ, ರಾತ್ರಿಯ ಹೊತ್ತು ಯಾರನ್ನು ಕೇಳಬೇಕೆಂಬುದನ್ನು ರಕ್ತ ಸುರಿಯುತ್ತಿರುವಾಗ ಹುಡುಕಬೇಡಿರಿ, ಈಗಲೇ ವಿಚಾರಿಸಿಡಿರಿ.

ಪ್ಲೇಟ್‌ಲೆಟ್ಟನ್ನು ಕೊಡಲೇಬೇಕಾದ ಸಂದರ್ಭಗಳು ಖಂಡಿತ ಬರುತ್ತವೆ, ಆಗ ಭಯದಿಂದ ಹಿಂಜರಿಯಬಾರದು. ಪ್ರಾಣ ಮೊದಲು, ಪ್ರತಿಕಾಯದ ಚಿಂತೆ ಆಮೇಲೆ. ಆದರೆ ಕೊಡುವಾಗ ಯಾವುದನ್ನು ಕೊಡುವುದೆಂಬುದರಲ್ಲಿ ಆಯ್ಕೆಯಿದೆ. ಬೇರೆ ಬೇರೆ ಐದಾರು ದಾನಿಗಳ ರಕ್ತದಿಂದ ತೆಗೆದ ಚೀಲಗಳಿಗಿಂತ, ಯಂತ್ರದ ಮೂಲಕ ಒಬ್ಬನೇ ದಾನಿಯಿಂದ ತೆಗೆದ, ಆಸ್ಪತ್ರೆಗಳಲ್ಲಿ ಎಸ್‌ಡಿಪಿ ಎನ್ನುವ ಚೀಲ ಲೇಸು, ಅಷ್ಟು ಮಂದಿಯ ಗುರುತುಗಳು ದೇಹಕ್ಕೆ ಸೋಕುವುದು ತಪ್ಪುತ್ತದೆ. ಬಿಳಿರಕ್ತಕಣಗಳನ್ನು ಸೋಸಿ ತೆಗೆದುದೇ ಆಗಬೇಕೆಂದು ಕೇಳಿರಿ. ಲ್ಯುಕೇಮಿಯ ರೋಗಿಗಳನ್ನು ಕುರಿತು ಅಮೆರಿಕದಲ್ಲಿ ನಡೆದು 1997ರಲ್ಲಿ ಪ್ರಕಟವಾದ ಟ್ರ್ಯಾಪ್ ಎಂಬ ದೊಡ್ಡ ಅಧ್ಯಯನದಲ್ಲಿ, ಸಾಧಾರಣ ಪ್ಲೇಟ್‌ಲೆಟ್ ಪಡೆದವರಲ್ಲಿ ನೂರಕ್ಕೆ 45 ಮಂದಿಗೆ ಎಚ್‌ಎಲ್‌ಎ ಪ್ರತಿಕಾಯ ಹುಟ್ಟಿದರೆ, ಸೋಸಿದ ಅಥವಾ ನೇರಳಾತೀತ ಕಿರಣಗಳಿಂದ ಸಂಸ್ಕರಿಸಿದ ಪ್ಲೇಟ್‌ಲೆಟ್ ಪಡೆದವರಲ್ಲಿ ಅದು ನೂರಕ್ಕೆ 17ರಿಂದ 21ಕ್ಕೆ ಇಳಿಯಿತು. ಸೋಸುವುದರಿಂದ ಗ್ಲಾನ್ಸ್‌ಮನ್ ಪ್ರೋಟೀನಿನ ಮೇಲಿನ ಪ್ರತಿಕಾಯವನ್ನು ತಡೆಯಲಾಗದಿದ್ದರೂ, ಇನ್ನೊಂದು ಜಾತಿಯದನ್ನು ಇಷ್ಟರಮಟ್ಟಿಗೆ ತಡೆಯುವುದು ಅಲ್ಪಲಾಭವಲ್ಲ. ಆರ್‌ಎಚ್ ನೆಗೆಟಿವ್ ಆಗಿರುವ ಹೆಣ್ಣುಮಗುವಿಗೆ ಅದೇ ಗುಂಪಿನ ದಾನಿಯ ಪ್ಲೇಟ್‌ಲೆಟ್ ಸಿಗುವುದೇ ಎಂದು ನೋಡಬೇಕು.

ಇನ್ನು ನಮ್ಮವರ ಒಂದು ಸದ್ಗುಣವೇ ಇಲ್ಲಿ ತೊಡಕಾಗುವ ಬಗೆಯನ್ನು ಹೇಳಬೇಕು. ಮನೆಯ ಮಗುವಿಗೆ ರಕ್ತ ಬೇಕೆಂದಾಗ ತಂದೆ, ಚಿಕ್ಕಪ್ಪ, ಸೋದರಮಾವ ಎಲ್ಲರೂ ತೋಳು ಚಾಚುತ್ತಾರೆ. ಪರರ ರಕ್ತಕ್ಕಿಂತ ನಮ್ಮ ರಕ್ತವೇ ಮಗುವಿಗೆ ಒಗ್ಗುವುದೆಂಬುದು ಅವರ ಭಾವನೆ. ಆದರೆ ರಕ್ತಸಂಬಂಧಿಯ ರಕ್ತಾಂಶದಲ್ಲಿ ಜೀವಂತವಾಗಿ ಉಳಿದ ಬಿಳಿಕಣಗಳು ರೋಗಿಯ ದೇಹವನ್ನೇ ಆಕ್ರಮಿಸುವ ಮಾರಕವಾದ ಅಪಾಯವೊಂದಿರುವುದರಿಂದ ಅದನ್ನು ವಿಕಿರಣಕ್ಕೊಡ್ಡದೆ ಕೊಡಲಾಗದು. ಅದಲ್ಲದೆ, ಈ ರೋಗವನ್ನು ಬುಡಸಹಿತ ಗುಣಪಡಿಸಬಲ್ಲ ಚಿಕಿತ್ಸೆಯಾದ ಅಸ್ಥಿಮಜ್ಜೆಯ ಕಸಿಗೆ (1985ರಲ್ಲಿ ಫ್ರಾನ್ಸಿನಿಂದ ಇದರ ಮೊದಲ ವರದಿ ಬಂದಿತು) ಅಣ್ಣತಮ್ಮಂದಿರೂ ಅಕ್ಕತಂಗಿಯರೂ ದಾನಿಗಳಾಗಬೇಕಾಗಿ ಬರಬಹುದು. ಅವರ ಗುರುತುಗಳ ವಿರುದ್ಧ ಮೊದಲೇ ಪ್ರತಿಕಾಯ ಹುಟ್ಟಿದ್ದರೆ ಆ ಬಾಗಿಲು ಮುಚ್ಚಿದಂತಾಗುತ್ತದೆ. ಅಂತೆಯೇ ಮಕ್ಕಳನ್ನು ಪಡೆಯುವ ವಯಸ್ಸಿನ ಹೆಂಡತಿಗೆ ಗಂಡನ ರಕ್ತಾಂಶ ಬೇಡ. ಬಂಧುಗಳು ರಕ್ತ ಕೊಡಲಿ, ಆದರೆ ಅದು ರಕ್ತನಿಧಿಯ ಮೂಲಕ ಬೇರೆಯವರಿಗೆ ಸಲ್ಲಲಿ; ಈ ಮಗುವಿಗೆ ಪರರದು ಬರಲಿ.

ಹೆಣ್ಣುಮಕ್ಕಳ ವಿಷಯವನ್ನು ಪ್ರತ್ಯೇಕವಾಗಿ ಹೇಳದೆ ಈ ಲೇಖನ ಪೂರ್ಣವಾಗದು. ಮಗಳು ಮೈನೆರೆಯುವ ವಯಸ್ಸಿಗೆ ಸ್ವಲ್ಪ ಮುಂಚೆಯೇ ರಕ್ತರೋಗದ ವೈದ್ಯರೂ ಸ್ತ್ರೀರೋಗದ ವೈದ್ಯರೂ ಕೂಡಿ ಯೋಜನೆಯೊಂದನ್ನು ಸಿದ್ಧಪಡಿಸಿರಬೇಕು. ಟ್ರಾನೆಕ್ಸಾಮಿಕ್ ಆಮ್ಲದಿಂದಲೂ ಹಾರ್ಮೋನಿನ ಮಾತ್ರೆಗಳಿಂದಲೂ ಮುಟ್ಟಿನ ಸ್ರಾವವನ್ನು ಹತೋಟಿಯಲ್ಲಿಡಬಹುದು. ಹಾರ್ಮೋನಿನ ಮಾತ್ರೆಯೆಂದೊಡನೆ ಅಜ್ಜಿಯಂದಿರು ಹುಬ್ಬುಗಂಟಿಕ್ಕುವುದುಂಟು. ಅವಿವಾಹಿತ ಹುಡುಗಿಗೆ ಇದೇಕೆಂಬ ಸಂಕೋಚದಿಂದ ಚಿಕಿತ್ಸೆಯನ್ನು ಮುಂದೂಡಿ, ಕಡೆಗೆ ರಾತ್ರೋರಾತ್ರಿ ರಕ್ತವನ್ನೂ ಪ್ಲೇಟ್‌ಲೆಟ್ಟನ್ನೂ ಏರಿಸಬೇಕಾಗಿ ಬರುವುದಕ್ಕಿಂತ ಆ ಮಾತ್ರೆ ಎಷ್ಟೋ ಮೇಲು. ಅಂದು ಏರಿಸಿದ ಚೀಲದ ಪರಿಣಾಮ ಅವಳ ಹೆರಿಗೆಯ ಕಾಲದವರೆಗೂ ಹಿಂಬಾಲಿಸಬಲ್ಲುದು: ಪ್ರತಿಕಾಯವು ಮಾಸುಚೀಲವನ್ನು ದಾಟಿ ಗರ್ಭಸ್ಥ ಶಿಶುವನ್ನು ಸೇರುತ್ತದೆ, ಶಿಶುವಿನ ಪ್ಲೇಟ್‌ಲೆಟ್‌ಗಳ ಮೇಲೆ ತಂದೆಯಿಂದ ಬಂದ ಪ್ರೋಟೀನು ಇರುವುದರಿಂದ ಅವನ್ನು ನಾಶಮಾಡಿ, ಅಪರೂಪಕ್ಕೆ ಮಿದುಳಿನಲ್ಲಿ ರಕ್ತಸ್ರಾವವನ್ನೂ ಉಂಟುಮಾಡೀತು. ಎಂದೂ ಪ್ಲೇಟ್‌ಲೆಟ್ ಪಡೆಯದ ತಾಯಿಯಲ್ಲಿಯೂ ಗರ್ಭದ ಕಾರಣದಿಂದಲೇ ಪ್ರತಿಕಾಯ ಹುಟ್ಟಬಹುದಾದುದರಿಂದ ಬಸುರಿನ ಕಾಲದಲ್ಲಿ ಮತ್ತೆ ಮತ್ತೆ ಪರೀಕ್ಷಿಸಬೇಕು. ಹೆರಿಗೆಯಂತೂ ಎಲ್ಲ ಸೌಕರ್ಯವಿರುವ ದೊಡ್ಡ ಆಸ್ಪತ್ರೆಯಲ್ಲಿಯೇ ಆಗತಕ್ಕದ್ದು. ಬಾಣಂತಿಗೆ ದಿನಗಳು ಕಳೆದಮೇಲೂ ಸ್ರಾವ ಮರುಕಳಿಸುವುದುಂಟು, ತವರುಮನೆಗೆ ಕಳುಹಿಸುವ ಆತುರ ಬೇಡ.

ಈ ಲೋಪಕ್ಕೆ ಕಾರಣವಾದ ಎರಡು ವಂಶವಾಹಿಗಳೂ ಹದಿನೇಳನೆಯ ವರ್ಣತಂತುವಿನಲ್ಲಿವೆ. ತಂದೆತಾಯಿಗಳಿಬ್ಬರೂ ದೋಷವುಳ್ಳ ಒಂದೊಂದು ಪ್ರತಿಯನ್ನು ಕೊಟ್ಟಾಗ ಮಾತ್ರ ಮಗುವಿಗೆ ರೋಗ ಬರುತ್ತದೆ. ಒಂದೇ ಪ್ರತಿಯುಳ್ಳವರು ವಾಹಕರು, ಅವರಿಗೆ ರಕ್ತಸ್ರಾವದ ತೊಂದರೆಯಿರುವುದಿಲ್ಲ. ವಾಹಕರಾದ ದಂಪತಿಗಳ ಪ್ರತಿಯೊಂದು ಮಗುವಿಗೂ ರೋಗ ಬರುವ ಸಂಭವ ನಾಲ್ಕರಲ್ಲಿ ಒಂದು. ಹೊರಗಿನಿಂದ ತಂದ ಸಂಬಂಧದಲ್ಲಿ ಇಬ್ಬರೂ ಅದೇ ದೋಷದ ವಾಹಕರಾಗಿರುವುದು ದುರ್ಲಭ. ಸೋದರಮಾವನಿಗೆ ಅಕ್ಕನ ಮಗಳನ್ನೋ, ಅತ್ತೆಯ ಮಗನಿಗೆ ಮಾವನ ಮಗಳನ್ನೋ ಕೊಡುವಲ್ಲಿ ಒಬ್ಬ ಪೂರ್ವಿಕನಿಂದಲೇ ಇಬ್ಬರಿಗೂ ಅದು ಇಳಿದುಬಂದಿರುವ ಸಂಭವ ಹೆಚ್ಚು. 2019ರಿಂದ 2021ರವರೆಗೆ ನಡೆದ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದ ಮದುವೆಗಳಲ್ಲಿ ಸುಮಾರು ಕಾಲುಭಾಗ ರಕ್ತಸಂಬಂಧದೊಳಗೇ ಆದಂಥವು. ಆ ವಾಡಿಕೆಯನ್ನು ಹಳಿಯುವುದು ನನ್ನ ಉದ್ದೇಶವಲ್ಲ, ಅದರ ಹಿಂದೆ ಆಸ್ತಿಯ ವಿಚಾರದಷ್ಟೇ ಅಕ್ಕರೆಯೂ ಇದೆ. ಆದರೆ ಮನೆತನದಲ್ಲಿ ಒಂದು ಮಗುವಿಗೆ ಈ ರೋಗವೆಂದು ಗೊತ್ತಾದಮೇಲೂ ಪರೀಕ್ಷೆಯಿಲ್ಲದೆ ಒಳಗೊಳಗೇ ಸಂಬಂಧ ಬೆಳೆಸುವುದನ್ನು ಮಾತ್ರ ಸಮರ್ಥಿಸಲಾರೆ. ಇಂಥ ಮಗು ಹುಟ್ಟಿದಾಗ ಸೊಸೆಯ ಮೇಲೆ ಅಪವಾದ ಹೊರಿಸುವುದೂ ಅಷ್ಟೇ ಅನ್ಯಾಯ. ತಂದೆಯ ಪಾಲೂ ತಾಯಿಯ ಪಾಲೂ ಇಲ್ಲಿ ಸರಿಸಮ. ವಂಶವಾಹಿಯ ಪರೀಕ್ಷೆಯಿಂದ ವಾಹಕರನ್ನು ಗುರುತಿಸಬಹುದು, ಮುಂದಿನ ಗರ್ಭದಲ್ಲಿ ಶಿಶುವಿನ ಸ್ಥಿತಿಯನ್ನೂ ತಿಳಿಯಬಹುದು.

ಕೊನೆಯದಾಗಿ, ಈ ರೋಗವಿರುವ ಮಗುವಿನ ತಂದೆತಾಯಿಗಳಲ್ಲಿ ಒಂದು ಬಿನ್ನಹ. ದಪ್ಪ ಕಾಗದದ ಒಂದು ಚೀಟಿಯ ಮೇಲೆ ಮಗುವಿನ ಹೆಸರು, ರೋಗದ ಹೆಸರು, ರಕ್ತದ ಗುಂಪು, ಎಚ್‌ಎಲ್‌ಎ ಗುರುತುಗಳು, ಇದುವರೆಗೆ ಪ್ಲೇಟ್‌ಲೆಟ್ ಕೊಟ್ಟ ದಿನಾಂಕಗಳು, ಪ್ರತಿಕಾಯದ ಪರೀಕ್ಷೆಯ ಫಲ, ಕೊಡಬಾರದ ಔಷಧಗಳು, ರಕ್ತರೋಗದ ವೈದ್ಯರ ದೂರವಾಣಿ ಸಂಖ್ಯೆ ಇಷ್ಟನ್ನು ಕನ್ನಡದಲ್ಲಿಯೂ ಇಂಗ್ಲಿಷಿನಲ್ಲಿಯೂ ಬರೆದು, "ತೀರ ಅಗತ್ಯವಿಲ್ಲದೆ ಪ್ಲೇಟ್‌ಲೆಟ್ ಕೊಡಬೇಡಿ, ಕೊಡುವುದಾದರೆ ಬಿಳಿಕಣ ಸೋಸಿದ ಎಸ್‌ಡಿಪಿಯನ್ನೇ ಕೊಡಿ" ಎಂಬ ಸಾಲನ್ನು ಕೆಂಪು ಶಾಯಿಯಲ್ಲಿ ಸೇರಿಸಿರಿ. ಒಂದು ಪ್ರತಿ ಮಗುವಿನ ಶಾಲೆಯ ಚೀಲದಲ್ಲಿರಲಿ, ಒಂದು ಮನೆಯಲ್ಲಿರಲಿ, ಒಂದನ್ನು ಶಾಲೆಯ ಮುಖ್ಯೋಪಾಧ್ಯಾಯರ ಕೈಗೆ ಕೊಡಿರಿ. ಇದನ್ನು ನಾಳೆಗೆಂದು ಬಿಡದೆ ಇಂದೇ ಮಾಡಿರಿ.